ಫೋನಿನಲ್ಲಿ ಕೇಳಿಸದ ತಂತಿ

1/10

ಫೋಟೋದಲ್ಲಿ ನನ್ನ ಪಕ್ಕ ನಿಂತಿರೋ ಕಪ್ಪು ಚೀಲ ಕ್ರಿಕೆಟ್ ಕಿಟ್ ಅಲ್ಲ. ಕೆ.ಆರ್. ಪುರ ಮೆಟ್ರೋ ಸ್ಟೇಷನ್‌ನಲ್ಲಿ ಬ್ಯಾಗ್ ಚೆಕ್ ಮಾಡುವ ಅಕ್ಕ ಮೊದಲ ಸಲ ನೋಡಿದಾಗ "ವೀಣೆನಾಪ್ಪಾ?" ಅಂತ ಕೇಳಿದ್ರು. ಗಿಟಾರ್ ಅಂದೆ. "ಇಷ್ಟುದ್ದಾನಾ?" ಅಂದ್ರು. ಅವರ ಕಣ್ಣಳತೆ ಸರಿಯಾಗೇ ಇತ್ತು. ಇದು ಬೇಸ್ ಗಿಟಾರ್. ಮಾಮೂಲಿ ಗಿಟಾರ್‌ಗಿಂತ ಉದ್ದ, ತೂಕ ಜಾಸ್ತಿ, ತಂತಿ ಮಾತ್ರ ನಾಲ್ಕೇ.

ಇದನ್ನ ಬೆನ್ನಿಗೆ ಹಾಕ್ಕೊಂಡು ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ಓಡಾಡೋಕೆ ಶುರು ಮಾಡಿ ಮೂರು ವರ್ಷದ ಮೇಲಾಯ್ತು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಮೆಟ್ರೋ ಬಂತಲ್ಲ, ಅದಕ್ಕೆ ಮುಂಚೆ ಟಿನ್ ಫ್ಯಾಕ್ಟರಿ ಹತ್ರ ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೂ ಇದೆ, ಚೀಲದ ಕತ್ತು ಕಂಡಕ್ಟರ್ ತಲೆಗೆ ತಾಗಿ ಬೈಸ್ಕೊಂಡಿದ್ದೂ ಇದೆ.

ಇದು ಹತ್ತು ಪೋಸ್ಟ್‌ಗಳ ಸರಣಿ. ಬೇಸ್ ಅಂದ್ರೇನು, ಬ್ಯಾಂಡಿನಲ್ಲಿ ಅದಕ್ಕೇನು ಕೆಲಸ, ಶುರು ಮಾಡಬೇಕು ಅಂದ್ರೆ ಹೇಗೆ, ಎಲ್ಲಾ ಬರೀತೀನಿ. ಆದ್ರೆ ನಾನು ಬರೆಯೋಕೆ ಕೂತಿರೋದು ಅದಕ್ಕೆ ಮಾತ್ರ ಅಲ್ಲ. ಹೋದ ವರ್ಷ ಫೆಬ್ರವರಿಯಲ್ಲಿ ಕಾಲೇಜು ಫೆಸ್ಟ್‌ಗೆ ಬಂದಿದ್ದವರಿಗೆ ನಮ್ಮ ಬ್ಯಾಂಡಿನ ಕೊನೆ ಹಾಡು ಹೇಗೆ ಕೆಟ್ಟಿತು ಅಂತ ನೆನಪಿರುತ್ತೆ. ಯಾರಿಂದ ಕೆಟ್ಟಿತು ಅಂತ ನಿಮಗೆಲ್ಲ ಹೇಳಿದವನು ನಾನೇ.

ನಾನು ಹೇಳಿದ್ದು ತಪ್ಪು. ಅದನ್ನ ತಿದ್ದಬೇಕಿದೆ.

2/10

ಇದು ನಮ್ಮ ಬೀದಿಯ ರಾಜ್ಯೋತ್ಸವದ ಹಳೇ ಫೋಟೋ. ಸ್ಪೀಕರ್ ಬಾಕ್ಸ್ ಮುಂದೆ ಹಳದಿ ಟೀ ಶರ್ಟ್ ಹಾಕ್ಕೊಂಡು ನಿಂತಿರೋ ಹುಡುಗ ನಾನು. ನವೆಂಬರ್ ಬಂದ್ರೆ ನಮ್ಮ ಕಡೆ ಬೀದಿಗೊಂದು ಸ್ಟೇಜು, ಸ್ಟೇಜಿಗೊಂದು ಆರ್ಕೆಸ್ಟ್ರಾ. ಬೇರೆ ಮಕ್ಕಳೆಲ್ಲ ಹಾಡುವವರನ್ನ ನೋಡೋಕೆ ಮುಂದೆ ಓಡ್ತಿದ್ರು. ನಾನು ಸೀದಾ ಸ್ಪೀಕರ್ ಹತ್ರ. ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಆಗ್ತಿತ್ತು. ಅದು ಯಾವ ವಾದ್ಯ ಅಂತ ಗೊತ್ತಿರಲಿಲ್ಲ. ಆಮೇಲೆ ತಿಳೀತು, ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಇರಲೇ ಇಲ್ಲ, ಅದು ಕೀಬೋರ್ಡ್ ಅಣ್ಣನ ಎಡಗೈ.

ಇಷ್ಟು ಚಂದದ ಕಥೆ ಇದ್ರೂ ನಾನು ಬೇಸ್‌ಗೆ ಬಂದಿದ್ದು ಪ್ರೀತಿಯಿಂದ ಅಲ್ಲ, ಸುಳ್ಳು ಹೇಳಲ್ಲ. ಫಸ್ಟ್ ಇಯರ್‌ನಲ್ಲಿ ನಮ್ಮ ಗುಂಪಲ್ಲಿ ಗಿಟಾರ್ ಬಾರಿಸೋರು ನಾಲ್ಕು ಜನ ಇದ್ರು. ನಾಲ್ಕರಲ್ಲಿ ಕೊನೆಯವನು ನಾನು. "ಮಗಾ, ನೀನು ಬೇಸ್ ತಗೋ, ಈಸಿ" ಅಂದ್ರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕಥೆಯೂ ಸ್ವಲ್ಪ ಹೀಗೇ. 1961ರಲ್ಲಿ ಅವರ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟಾಗ ಆ ಜಾಗ ಬೇರೆ ಯಾರಿಗೂ ಬೇಕಿರಲಿಲ್ಲ. ಪಾಲ್ ತಗೊಂಡ್ರು. ಹೋಲಿಕೆ ಅಲ್ಲಿಗೆ ಮುಗೀತು, ಮುಂದೆ ಎಳೆಯಲ್ಲ.

ಸೆಕೆಂಡ್ ಹ್ಯಾಂಡ್ ಬೇಸ್ ಸಿಕ್ಕಿದ್ದು ಕಾಕ್ಸ್ ಟೌನ್‌ನಲ್ಲಿ, ಒಬ್ಬ ವಯಸ್ಸಾದ ಅಂಕಲ್ ಹತ್ರ. ಚರ್ಚಿನಲ್ಲಿ ವರ್ಷಾನುಗಟ್ಟಲೆ ನುಡಿಸಿದ್ದವರು. ಬೆರಳು ನೋವು ಅಂತ ಮಾರ್ತಿದ್ರು. 9,000 ರೂಪಾಯಿ. ದುಡ್ಡು ಎಣಿಸಿಕೊಂಡು ಅವರು ಹೇಳಿದ ಮಾತು: "ನೋಡು ಮ್ಯಾನ್, ಹಾಡೋರು ಎಲ್ಲಿ ಉಸಿರು ತಗೋತಾರೆ ಗೊತ್ತಿರಬೇಕು. ಅಲ್ಲಿ ನೀನು ಸುಮ್ನಿರಬೇಕು."

ತಲೆ ಆಡಿಸಿದೆ. ಒಂದಕ್ಷರ ಅರ್ಥ ಆಗಿರಲಿಲ್ಲ.

3/10

ಸ್ವಲ್ಪ ಪಾಠ. ಬೇಜಾರು ಮಾಡ್ಕೋಬೇಡಿ, ಮುಂದೆ ಬೇಕಾಗುತ್ತೆ.

ಫೋಟೋದಲ್ಲಿ ಹೆಬ್ಬೆರಳು ಇಟ್ಟಿರೋದು ದಪ್ಪ ತಂತಿ, ಅದರ ಹೆಸರು ಇ. ಆಮೇಲೆ ಎ, ಡಿ, ಜಿ. ಇ ತಂತಿ ಮೀಟಿದ್ರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಎ 55, ಡಿ 73, ಜಿ 98. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ 82, ಅಂದ್ರೆ ಒಂದು ಸ್ಥಾಯಿ ಮೇಲೆ. ಅಷ್ಟು ಕೆಳಗಿನ ಸ್ವರ ಬರಬೇಕಂದ್ರೆ ತಂತಿ ದಪ್ಪ ಇರಬೇಕು, ಉದ್ದವೂ ಇರಬೇಕು. ಹೆಚ್ಚಿನ ಬೇಸ್‌ಗಳಲ್ಲಿ ತಂತಿ ಕಂಪಿಸುವ ಉದ್ದ 34 ಇಂಚು.

ಮುಂಚೆ ಈ ಕೆಲಸಕ್ಕೆ ಇದ್ದಿದ್ದು ಆಳೆತ್ತರದ ಡಬಲ್ ಬೇಸ್. ಅದಕ್ಕೆ ವೀಣೆಗಿರುವಂಥ ಮೆಟ್ಟಿಲು ಇಲ್ಲ, ಸ್ವರ ಎಲ್ಲಿದೆ ಅಂತ ಬೆರಳಿಗೇ ಗೊತ್ತಿರಬೇಕು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮೆಟ್ಟಿಲು ಕೂರಿಸಿದ, ಹೆಗಲಿಗೆ ಹಾಕ್ಕೊಳ್ಳೋ ಎಲೆಕ್ಟ್ರಿಕ್ ಬೇಸ್ ತಂದ್ರು. ಸ್ವರ ಕರಾರುವಾಕ್ಕಾಗಿ ಸಿಗುತ್ತೆ ಅಂತ "ಪ್ರಿಸಿಷನ್ ಬೇಸ್" ಅಂತ ಹೆಸರಿಟ್ರು. ಇವತ್ತಿಗೂ ಬೇಸ್ ಅಂದ್ರೆ ಬಹುಪಾಲು ಅದೇ ಆಕಾರ.

ಕೆಲಸ ಏನು? ಎರಡು. ಒಂದು, ಡ್ರಮ್ಮರ್ ಕಾಲಿನಲ್ಲಿ ಒದೆಯೋ ಕಿಕ್ ಡ್ರಮ್ ಜೊತೆ ಸೇರಿ ಹಾಡಿನ ನಡಿಗೆ ಹಿಡಿಯೋದು. ಇನ್ನೊಂದು, ಗಿಟಾರ್ ಹಿಡಿದ ಕಾರ್ಡ್‌ಗೆ ಕೆಳಗಿನ ಸ್ವರ ಕೊಡೋದು. ಗಿಟಾರ್‌ನವನು ಸಿ ಮೇಜರ್ ಹಿಡಿದಿದ್ದಾನೆ ಅಂದ್ಕೊಳ್ಳಿ. ನಾನು ಕೆಳಗೆ ಸಿ ಬದಲು ಎ ಹಿಡಿದ್ರೆ ಅದೇ ಕಾರ್ಡ್ ಸಪ್ಪೆ ಮುಖ ಮಾಡುತ್ತೆ. ಅವನು ಬೆರಳು ಅಲ್ಲಾಡಿಸಿಲ್ಲ, ಆದ್ರೂ ಹಾಡಿನ ಮುಖ ಬದಲಾಗಿರುತ್ತೆ.

ಹಲಸೂರು ಸೋಮೇಶ್ವರ ದೇವಸ್ಥಾನದ ಕಡೆ ಉತ್ಸವ ನೋಡಿದವರು ನೆನಪಿಸ್ಕೊಳ್ಳಿ. ನಾಗಸ್ವರ ಊದೋರನ್ನ, ಡೋಲು ಬಾರಿಸೋರನ್ನ ಎಲ್ಲರೂ ನೋಡ್ತಾರೆ. ಪಕ್ಕದಲ್ಲಿ ಬರೀ ಶ್ರುತಿ ಹಿಡಿದು ನಿಂತವರನ್ನ ಯಾರೂ ನೋಡಲ್ಲ. ಶ್ರುತಿ ನಿಂತ್ರೆ ಮಾತ್ರ ಎಲ್ಲರೂ ಆ ಕಡೆ ತಿರುಗ್ತಾರೆ.

4/10

ಅಮ್ಮನ ಸಾರಿನ ಪಾತ್ರೆಯಲ್ಲಿ ಬೇಯ್ತಿರೋದು ನೂಡಲ್ಸ್ ಅಲ್ಲ, ಬೇಸ್ ತಂತಿ.

ಹೊಸ ತಂತಿ ಒಂದು ಸೆಟ್‌ಗೆ ಎರಡು ಸಾವಿರದ ಹತ್ತಿರ ಆಗುತ್ತೆ. ಬೆರಳಿನ ಬೆವರು, ಕೊಳೆ ಸುರುಳಿಯೊಳಗೆ ಸೇರಿ ತಂತಿ ಮಂಕಾಗುತ್ತೆ. ಕುದಿಯೋ ನೀರಲ್ಲಿ ಹತ್ತು ನಿಮಿಷ ಹಾಕಿ, ಒರೆಸಿ ಒಣಗಿಸಿದ್ರೆ ಸ್ವಲ್ಪ ದಿನಕ್ಕೆ ಮತ್ತೆ ಹೊಳಪು ಬರುತ್ತೆ. ಬೇಸ್ ನುಡಿಸೋರು ಪ್ರಪಂಚದಲ್ಲೆಲ್ಲ ಮಾಡೋ ಉಪಾಯ ಇದು. ಅದಕ್ಕೆ ಸಾರಿನ ಪಾತ್ರೆ ತಗೋಬಾರದು ಅನ್ನೋದು ನಮ್ಮ ಮನೆಯಲ್ಲಿ ಮಾತ್ರ ಇರೋ ಕಾನೂನು. ಆವತ್ತು ರಾತ್ರಿ ಬಂತು.

ಮೊದಲ ತಿಂಗಳು ಬೆರಳ ತುದಿಯಲ್ಲಿ ಬೊಬ್ಬೆ. ಅನ್ನ ಕಲಸಿಕೊಳ್ಳೋಕೂ ಉರಿ. ಎರಡನೇ ತಿಂಗಳು ಚರ್ಮ ಗಟ್ಟಿಯಾಯ್ತು. ಆಂಪ್ ಕೊಳ್ಳೋಕೆ ದುಡ್ಡಿರಲಿಲ್ಲ, ಇದ್ದಿದ್ರೂ ಪಕ್ಕದ ಮನೆ ಆಂಟಿ ಬಿಡ್ತಿರಲಿಲ್ಲ. ಹಾಗಾಗಿ ಬೇಸ್‌ನ ತಲೆಯನ್ನ ಮರದ ಬಾಗಿಲಿಗೆ ಒತ್ತಿ ಹಿಡ್ಕೊಂಡು ನುಡಿಸ್ತಿದ್ದೆ. ಕಂಪನ ಬಾಗಿಲಿಗೆ ಹತ್ತಿ ಇಡೀ ಬಾಗಿಲೇ ಮೆಲ್ಲಗೆ ಹಾಡುತ್ತೆ. ನಿಮ್ಮ ಹತ್ರ ಬೇಸ್ ಇದ್ರೆ ಮಾಡಿ ನೋಡಿ, ಮರದ ಬೀರು ಇನ್ನೂ ಚೆನ್ನಾಗಿ ಕೇಳುತ್ತೆ.

ಒಂದು ಭಾನುವಾರ ಕೋಲಾರದಿಂದ ದೊಡ್ಡಪ್ಪ ಬಂದಿದ್ರು. ಅಪ್ಪ ಹೆಮ್ಮೆಯಿಂದ "ಒಂದು ಹಾಡು ಬಾರಿಸೋ" ಅಂದ್ರು. ಎರಡು ವಾರ ಕಷ್ಟಪಟ್ಟು ಕಲಿತಿದ್ದನ್ನ ನುಡಿಸಿದೆ. ಎಲ್ಲರೂ ಕಾಯ್ತಾ ಕೂತಿದ್ರು. ಮುಗಿಸಿ ತಲೆ ಎತ್ತಿದೆ. ದೊಡ್ಡಪ್ಪ ಕೇಳಿದ್ರು: "ಹಾಡು ಯಾವಾಗ ಶುರು ಮಾಡ್ತೀಯಪ್ಪ?"

ಬೇಸ್ ನುಡಿಸುವ ಎಲ್ಲರ ಮನೆಯಲ್ಲೂ ಇಂಥದ್ದೊಂದು ಭಾನುವಾರ ಆಗಿರುತ್ತೆ. ಇದು ಒಬ್ಬನೇ ನುಡಿಸೋ ವಾದ್ಯ ಅಲ್ಲ. ಬೇರೆಯವರು ಇದ್ರೆ ಮಾತ್ರ ಇದಕ್ಕೆ ಅರ್ಥ. ನಾನು ಈ ಮಾತನ್ನ ತುಂಬಾ ಕಡೆ ದೊಡ್ಡದಾಗಿ ಹೇಳ್ಕೊಂಡು ಓಡಾಡಿದೆ. ನಡ್ಕೊಂಡಿದ್ದು ಬೇರೆ ಥರ.

5/10

ಈ ಬೇಸ್‌ಮೆಂಟ್ ಮೆಟ್ಟಿಲು ಇಂದಿರಾನಗರದ್ದು. ಸಿಎಂಎಚ್ ರೋಡಿನಿಂದ ಒಳಗೆ ಎರಡು ತಿರುವು. ಕೆಳಗೆ ಜ್ಯಾಮ್ ರೂಮ್. ಗಂಟೆಗೆ 500 ರೂಪಾಯಿ, ಐದು ಜನ ಹಂಚ್ಕೊಂಡ್ರೆ ತಲೆಗೆ ನೂರು. ಎರಡು ಗಂಟೆ ಬುಕ್ ಮಾಡಿದ್ರೆ ಮೊದಲ ಅರ್ಧ ಗಂಟೆ ಯಾರೋ ಒಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿರ್ತಾರೆ, ಹದಿನೈದು ನಿಮಿಷ ಕೇಬಲ್ ಕರಕರ ಅನ್ನುತ್ತೆ. ಉಳಿದಿದ್ದೇ ನಮ್ಮ ಸಂಗೀತ.

ಈ ಊರಿನ ಪೂರ್ವ ಭಾಗಕ್ಕೆ ಬ್ಯಾಂಡ್ ಹೊಸದಲ್ಲ. 1949ರವರೆಗೆ ಸಿಟಿ ಬೇರೆ ಆಡಳಿತ, ಕಂಟೋನ್ಮೆಂಟ್ ಬೇರೆ ಆಡಳಿತ. ಸೈನ್ಯದ ಬ್ಯಾಂಡು, ಚರ್ಚಿನ ಕಾಯರ್, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಎಲ್ಲಾ ಆ ಕಾಲದಿಂದ ಬಂದಿದ್ದು. ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಇವತ್ತಿಗೂ ಬ್ಯಾಂಡ್ ಇದೆ. ಆಮೇಲೆ ರಾಕ್. ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಗಿದ್ದು 1996ರಲ್ಲಿ, ನಾವ್ಯಾರೂ ಹುಟ್ಟಿರಲಿಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು. ಆ ಬ್ಯಾಂಡ್ ಕಟ್ಟಿದವರು, ಹೆಚ್ಚಿನ ಹಾಡು ಬರೆದವರು ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಅದನ್ನ ನೋಡಿದ ಅಣ್ಣಂದಿರು ಈಗ ಐಟಿ ಕಂಪನಿಗಳಲ್ಲಿ ಮ್ಯಾನೇಜರ್‌ಗಳು. ವೀಕೆಂಡ್‌ನಲ್ಲಿ ಇದೇ ಬೇಸ್‌ಮೆಂಟಿಗೆ ಬರ್ತಾರೆ, ನಮ್ಮ ಸ್ಲಾಟ್ ಆದ್ಮೇಲೆ ಅವರದ್ದು. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ 2008ರಲ್ಲಿ ಬಂದ್ಮೇಲೆ, ಸ್ವರಾತ್ಮದಂಥ ಬ್ಯಾಂಡ್‌ಗಳೂ ಕನ್ನಡದಲ್ಲಿ ಹಾಡಿದ್ಮೇಲೆ, ಇಂದಿರಾನಗರದ ಬೇಸ್‌ಮೆಂಟಿನಲ್ಲಿ ಕನ್ನಡ ಹಾಡು ನುಡಿಸಿದ್ರೆ ಯಾರೂ ತಿರುಗಿ ನೋಡಲ್ಲ.

ನಮ್ಮ ಐದು ಜನರಲ್ಲಿ ಡ್ರಮ್ಮರ್ ಹಲಸೂರಿನವನು. ಮಾತು ಕಮ್ಮಿ. ಎಲ್ಲರಿಗಿಂತ ಮೊದಲು ಬರ್ತಿದ್ದ, ಎಲ್ಲರಿಗಿಂತ ಕೊನೆಗೆ ಹೋಗ್ತಿದ್ದ. ನನ್ನ ಕೇಬಲ್‌ನ ಒಂದು ಸಲ ಅವನೇ ಬೆಸುಗೆ ಹಾಕಿ ಕೊಟ್ಟಿದ್ದ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

6/10

ಫೆಸ್ಟ್ ಫೋಟೋ. ಎಲ್ಲರೂ ನಗ್ತಿದೀವಿ, ಇದು ಸ್ಟೇಜ್ ಹತ್ತೋಕೆ ಮುಂಚೆ.

ಕೊನೆ ಹಾಡಾಗಿ 1981ರ "ಗೀತಾ" ಚಿತ್ರದ ಡ್ಯುಯೆಟ್ ತಗೊಂಡಿದ್ವಿ. ಶಂಕರ್‌ನಾಗ್ ಸಿನಿಮಾ, ಇಳಯರಾಜ ಸಂಗೀತ, ಎಸ್‌ಪಿಬಿ ಮತ್ತು ಎಸ್. ಜಾನಕಿ ಹಾಡಿರೋದು. ಯಾವ ಹಾಡು ಅಂತ ನಿಮಗೇ ಗೊತ್ತು. ನಮ್ಮ ಅಪ್ಪ ಅಮ್ಮನ ಕಾಲದ ಹಾಡಿನಲ್ಲಿ ಬೇಸ್ ಗಿಟಾರ್ ಹೇಗೆ ಓಡಾಡುತ್ತೆ ಅಂತ ತಿಳೀಬೇಕಾದ್ರೆ ಹೆಡ್‌ಫೋನ್ ಹಾಕಿ ಅದನ್ನ ಕೇಳಿ. ಹಾಡುವವರ ಕೆಳಗೆ ಇನ್ನೊಂದು ಹಾಡು ನಡೀತಿರುತ್ತೆ.

ನಮ್ಮ ತೊಂದರೆ ಒಂದೇ: ಹಾಡು ಓಡುತ್ತಿತ್ತು. ಶುರುವಿನಲ್ಲಿ ನಿಮಿಷಕ್ಕೆ 104 ಬೀಟ್, ಮುಗಿಯೋ ಹೊತ್ತಿಗೆ 118. ಪ್ರಾಕ್ಟೀಸ್‌ನಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ಡ್ರಮ್ಸ್ ಓಡೋದು ಸ್ಪಷ್ಟವಾಗಿ ಕೇಳ್ತಿತ್ತು. "ಮಚ್ಚಾ, ಓಡಿಸ್ಬೇಡ್ವೋ" ಅಂತ ಅವನಿಗೆ ನಾನೇ ಜಾಸ್ತಿ ಹೇಳ್ತಿದ್ದಿದ್ದು. ಅವನು ಒಂದು ಸಲ ಮಾತ್ರ ಅಂದಿದ್ದ: "ನೀನು ಎಳೀತಿದೀಯ ಅನ್ಸುತ್ತೆ ಕಣೋ." ನಾನು ಫೋನ್ ಪ್ಲೇ ಮಾಡಿ ತೋರಿಸ್ದೆ. ಅವನು ಸುಮ್ಮನಾದ.

ಸ್ಟೇಜ್ ಮೇಲೆ ಇನ್ನೂ ಜೋರು. ಎರಡನೇ ಚರಣದಲ್ಲಿ ನಮ್ಮ ಸಿಂಗರ್‌ಗೆ ಉಸಿರು ತಗೊಳ್ಳೋಕೆ ಜಾಗವೇ ಇರಲಿಲ್ಲ. ಒಂದು ಸಾಲು ಬಿಟ್ಲು, ಇನ್ನೊಂದು ನುಂಗಿದ್ಲು, ಆಮೇಲೆ ಮೈಕ್ ಕೆಳಗಿಳಿಸಿ ನಿಂತ್ಲು. ಮುಂದಿನ ಸಾಲಿನಲ್ಲಿ ಯಾರೋ "ಲೋ, ಟ್ರೈನ್ ಹೋಯ್ತು" ಅಂದ್ರು. ಎಲ್ಲರೂ ನಕ್ಕರು.

ಆವತ್ತು ರಾತ್ರಿ ನಾನೊಂದು ಸ್ಟೋರಿ ಹಾಕಿದೆ. ರೈಲಿನ ಫೋಟೋ, ಅದರ ಎಂಜಿನ್ ಮೇಲೆ ಡ್ರಮ್ಮರ್ ಮುಖ. ನಿಮ್ಮಲ್ಲಿ ಎಷ್ಟೋ ಜನ ನಗೋ ಇಮೋಜಿ ಕಳಿಸಿದ್ರಿ. ಅವನೂ ನೋಡಿದ್ದ, ನೋಡಿದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಮೂರು ದಿನ ಬಿಟ್ಟು ನಮ್ಮ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದ. ಒಂದು ಮಾತೂ ಬರೀಲಿಲ್ಲ.

7/10

ಈ ಸ್ಕ್ರೀನ್‌ಶಾಟ್ ಸ್ವಲ್ಪ ದೊಡ್ಡದು ಮಾಡಿ ನೋಡಿ.

ಜೂನ್‌ನಲ್ಲಿ ಹೊಸ ಡ್ರಮ್ಮರ್ ಬಂದ. ಚೆನ್ನಾಗಿ ಬಾರಿಸ್ತಾನೆ, ಮೆಟ್ರೋನೋಮ್ ಹಾಕ್ಕೊಂಡು ಕಲಿತವನು. ಒಂದು ತಿಂಗಳು ಆಯ್ತು. ಹಾಡು ಮತ್ತೆ ಓಡ್ತಿತ್ತು. ನನ್ನ ಹೊಟ್ಟೆಯಲ್ಲಿ ಆಗಲೇ ಏನೋ ಕಲಕಿತು. ಆದ್ರೂ ಬಾಯಿ ಬಿಡಲಿಲ್ಲ.

ಆಗಸ್ಟ್‌ನಲ್ಲಿ ಜ್ಯಾಮ್ ರೂಮಿನ ಅಣ್ಣ ಪ್ರತಿ ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ ಕೊಟ್ರು. ಲ್ಯಾಪ್‌ಟಾಪ್‌ನಲ್ಲಿ ಮೇಲೆ ಕಿಕ್ ಡ್ರಮ್‌ನ ಗೆರೆ, ಕೆಳಗೆ ನನ್ನ ಬೇಸ್ ಗೆರೆ. ಎರಡೂ ಒಂದೇ ಜಾಗದಲ್ಲಿ ಎದ್ದೇಳಬೇಕು. ನಾನು "ಡ್ರಮ್ಸ್ ಎಲ್ಲಿ ಓಡುತ್ತೆ ತೋರಿಸಿ ಅಣ್ಣ" ಅಂದೆ. ಅವರು ಜೂಮ್ ಮಾಡಿ, ಏನೂ ಹೇಳದೆ ಮೌಸ್ ನನ್ನ ಗೆರೆ ಮೇಲೆ ಇಟ್ರು.

ಪ್ರತಿ ಸಾಲಿನಲ್ಲೂ ನಾನು ಮುಂದೆ. ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಭಾಗದಷ್ಟು, ಅಷ್ಟೇ. ಡ್ರಮ್ಮರ್ ನಾಲ್ಕು ಬಾರ್ ತಡ್ಕೋತಾನೆ, ಆಮೇಲೆ ನನ್ನ ಜೊತೆ ಸೇರೋಕೆ ಒಂಚೂರು ಜೋರಾಗ್ತಾನೆ. ಅವನು ಸೇರಿದ ತಕ್ಷಣ ನಾನು ಮತ್ತೆ ಮುಂದೆ. ಹೀಗೇ ಮೆಟ್ಟಿಲು ಹತ್ತಿದ ಹಾಗೆ ಹಾಡು ಮೇಲೆ ಹೋಗಿತ್ತು.

ಹಾಗಾದ್ರೆ ಫೋನ್ ರೆಕಾರ್ಡಿಂಗ್ ಯಾಕೆ ಬೇರೆ ಹೇಳ್ತು? ಅಣ್ಣ ನಕ್ಕು ಹೇಳಿದ್ರು. ಫೋನಿನ ಸ್ಪೀಕರ್ ಉಗುರಿನಷ್ಟು ಇರುತ್ತೆ. 200 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನ ಅದು ಸರಿಯಾಗಿ ಹೊರಡಿಸಲಾರದು. ನನ್ನ ದಪ್ಪ ತಂತಿಯ ಸ್ವರ 41. ಅದರ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರ್‌ಗಿಂತ ಉದ್ದ. ಮೇಲಿನ ಅನುರಣನ ಸ್ವಲ್ಪ ಕೇಳಿಸುತ್ತೆ, ಉಳಿದಿದ್ದನ್ನ ಮೆದುಳು ಊಹೆ ಮಾಡ್ಕೊಳ್ಳುತ್ತೆ. ಡ್ರಮ್ಸ್, ಗಿಟಾರ್, ದನಿ ಎಲ್ಲಾ ಮುಂದೆ ಬಂದಾಗ ಆ ಊಹೆಯೂ ಮುಳುಗಿ ಹೋಗುತ್ತೆ.

ಆರು ತಿಂಗಳು ನಾನು ಸಾಕ್ಷಿ ಅಂತ ತೋರಿಸಿದ ಫೋನಿನಲ್ಲಿ ನಾನೇ ಇರಲಿಲ್ಲ. ಕಳ್ಳನೇ ತೆಗೆದ ಸಿಸಿಟಿವಿ ಅದು.

8/10

ಮುಂದಿನ ದಿನಗಳಲ್ಲಿ ಮಾಡಿದ್ದು ಈ ಫೋಟೋದಲ್ಲಿದೆ: ಒಂದು ಮೆಟ್ರೋನೋಮ್ ಆಪ್, ಒಂದು ಬಾಗಿಲು, ನಾನು.

ಯಾಕೆ ಓಡ್ತೀನಿ? ಯೋಚಿಸಿದ್ರೆ ಉತ್ತರ ಕಷ್ಟ ಏನಲ್ಲ. ಎರಡು ಸ್ವರಗಳ ಮಧ್ಯೆ ಖಾಲಿ ಜಾಗ ಬಂದ್ರೆ ನನಗೆ ಭಯ. ಯಾರೂ ನನ್ನನ್ನ ಕೇಳ್ತಿಲ್ಲ ಅನ್ಸುತ್ತೆ. ಬೇಗ ಮುಂದಿನ ಸ್ವರಕ್ಕೆ ಹೋಗಿ ಬಿಡೋಣ, ಇನ್ನೂ ಎರಡು ಸೇರಿಸೋಣ ಅನ್ಸುತ್ತೆ. ಸಿಂಗರ್ ಉಸಿರು ತಗೊಳ್ಳೋ ಜಾಗದಲ್ಲೇ ನಾನು ಜಾಸ್ತಿ ಬಾರಿಸ್ತಿದ್ದೆ. ಕಾಕ್ಸ್ ಟೌನ್ ಅಂಕಲ್ ಹೇಳಿದ್ದು ಇದನ್ನೇ.

ಜೇಮ್ಸ್ ಜೇಮರ್ಸನ್ ಅಂತ ಒಬ್ಬರಿದ್ರು. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದವರು. ಬಲಗೈಯ ತೋರುಬೆರಳು ಒಂದೇ ಬಳಸ್ತಿದ್ರು. ಆ ಬೆರಳಿಗೆ "ಹುಕ್" ಅಂತಲೇ ಹೆಸರು. ಇಡೀ ಜಗತ್ತು ಅವರ ಬೇಸ್‌ಗೆ ಕುಣೀತಿದ್ದ ಕಾಲದಲ್ಲಿ ರೆಕಾರ್ಡ್ ಕವರ್ ಮೇಲೆ ಅವರ ಹೆಸರು ಇರ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಮ್‌ನಲ್ಲಿ ವಾದಕರ ಹೆಸರು ಹಾಕಿದಾಗಲೇ ಎಷ್ಟೋ ಕೇಳುಗರಿಗೆ ಅವರು ಯಾರು ಅಂತ ಗೊತ್ತಾಗಿದ್ದು. ಇಷ್ಟು ದೊಡ್ಡ ವಾದಕ ಹೆಸರಿಲ್ಲದೆ ಅಷ್ಟು ವರ್ಷ ನುಡಿಸಿದ್ದಾರೆ. ನನಗೆ ಒಂದು ಬಾರ್ ಸುಮ್ಮನಿರೋಕೆ ಆಗ್ತಿರಲಿಲ್ಲ.

ಅಭ್ಯಾಸ ಬರೀತೀನಿ, ಯಾವ ವಾದ್ಯಕ್ಕಾದ್ರೂ ಆಗುತ್ತೆ. ಹಾಡು 104 ಅಂದ್ರೆ ಮೆಟ್ರೋನೋಮ್ 52ಕ್ಕೆ ಇಡಿ. ಆ ಟಿಕ್‌ಗಳನ್ನ ಎರಡನೇ ಮತ್ತು ನಾಲ್ಕನೇ ಬೀಟ್ ಅಂತ ಅಂದ್ಕೊಂಡು ನುಡಿಸಿ. ಒಂದು, ಮೂರು ನೀವೇ ಎಣಿಸ್ಕೋಬೇಕು. ಆಮೇಲೆ 26ಕ್ಕೆ ಇಳಿಸಿ, ಆ ಟಿಕ್ ನಾಲ್ಕನೇ ಬೀಟ್ ಮಾತ್ರ. ನಡುವೆ ಇರೋ ಖಾಲಿ ಜಾಗದಲ್ಲಿ ನೀವು ಓಡ್ತೀರೋ ಇಲ್ವೋ ಗೊತ್ತಾಗುತ್ತೆ. ಮೊದಲ ವಾರ ನಾನು ಪ್ರತಿ ಸಲವೂ ಟಿಕ್‌ಗಿಂತ ಮುಂಚೆ ಹೋಗಿ ನಿಂತಿರ್ತಿದ್ದೆ, ಬಸ್ ಬರೋಕೆ ಮುಂಚೆ ರೋಡ್ ಮಧ್ಯಕ್ಕೆ ಬಂದು ನಿಲ್ತಾರಲ್ಲ, ಹಾಗೆ.

ಮೂರನೇ ವಾರದಲ್ಲಿ ಒಂದು ರಾತ್ರಿ ಟಿಕ್ ಕೇಳಲೇ ಇಲ್ಲ. ಆಪ್ ಆಫ್ ಆಯ್ತೇನೋ ಅಂದ್ಕೊಂಡೆ. ಇಲ್ಲ, ಸ್ವರ ಸರಿಯಾಗಿ ಅದರ ಮೇಲೇ ಕೂತು ಅದನ್ನ ಮುಚ್ಚಿತ್ತು.

9/10

ಇದು ಶಿವಾಜಿನಗರ, ರಸೆಲ್ ಮಾರ್ಕೆಟ್ ಹತ್ರದ ಟೀ ಅಂಗಡಿ. ಎರಡು ಗ್ಲಾಸ್, ಒಂದು ಪ್ಲೇಟ್ ಸಮೋಸ.

ಡ್ರಮ್ಮರ್‌ಗೆ ಮೂರು ಮೆಸೇಜ್ ಹಾಕಿದ್ದೆ, ಮೂರಕ್ಕೂ ಉತ್ತರ ಇರಲಿಲ್ಲ. ನಾಲ್ಕನೆಯದಾಗಿ ಆ ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದೆ, ಎರಡು ಗೆರೆ. ಹತ್ತು ನಿಮಿಷದಲ್ಲಿ ಉತ್ತರ: "ಶಿವಾಜಿನಗರಕ್ಕೆ ಬಾ, ಶನಿವಾರ." ಸೆಪ್ಟೆಂಬರ್ ಮೊದಲ ವಾರ, ಸೇಂಟ್ ಮೇರಿ ಹಬ್ಬದ ಜನ. ಬಸಿಲಿಕಾ ಸುತ್ತ ಕಾವಿ ಬಟ್ಟೆ ಹಾಕಿದವರೇ. ಬಸ್ ಸ್ಟ್ಯಾಂಡಿನಿಂದ ಅಂಗಡಿವರೆಗೆ ನಡೆಯೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡ್ಕೊಂಡೇ ಹೋದೆ.

"ತಪ್ಪು ನಂದೇ ಕಣೋ. ಸಾರಿ" ಅಂದೆ. ಅಭ್ಯಾಸ ಮಾಡಿದ್ದರಲ್ಲಿ ಉಳಿದಿದ್ದು ಅಷ್ಟೇ.

ಅವನು ಟೀ ಊದ್ತಾ ಕೂತಿದ್ದ. ಆಮೇಲೆ ಹೇಳಿದ: "ಹಾಡು ಕೆಟ್ಟಿದ್ದಕ್ಕೆ ನನಗೇನೂ ಇಲ್ಲ ಮಗಾ. ಎಲ್ಲರ ಹಾಡೂ ಕೆಡುತ್ತೆ. ನೀನು ಹಾಕಿದ ಸ್ಟೋರಿ 24 ಗಂಟೆಗೆ ಹೋಯ್ತು. ನನಗೆ ಹೋಗಲಿಲ್ಲ. ಈಗಲೂ ಕಾರಿಡಾರ್‌ನಲ್ಲಿ ಟ್ರೈನ್ ಅಂತ ಕರೀತಾರೆ."

ನನಗೆ ಅದು ಗೊತ್ತಿತ್ತು. ಕರೆಯೋದನ್ನ ಕೇಳಿದ್ದೆ. ಕೇಳಿಸದ ಹಾಗೆ ನಡೆದು ಹೋಗಿದ್ದೆ.

"ನಾನು ಇನ್ನೊಂದು ಸ್ಟೋರಿ ಹಾಕ್ತೀನಿ, ಎಲ್ಲರಿಗೂ ಹೇಳ್ತೀನಿ" ಅಂದೆ.

"ಸ್ಟೋರಿ ಬೇಡ. ಹಾಕೋದಾದ್ರೆ ಪೋಸ್ಟ್ ಹಾಕು. ಉಳಿಯೋದು."

ಬ್ಯಾಂಡ್‌ಗೆ ವಾಪಸ್ ಬಾ ಅಂತ ಕೇಳಿದೆ. ಬರಲ್ಲ ಅಂದ. ಕೋಪದಿಂದ ಅಲ್ಲ. ಅವನಿಗೆ ಆಗಲೇ ಬೇರೆ ಬ್ಯಾಂಡ್ ಸಿಕ್ಕಿತ್ತು, ಅಲ್ಲಿ ಅವನಿಗೆ ಚೆನ್ನಾಗಿದೆ. ಸಮೋಸ ದುಡ್ಡು ಅವನೇ ಕೊಟ್ಟ. ನನಗೆ ಅದು ಇನ್ನೂ ಚುಚ್ಚುತ್ತೆ.

10/10

ಕೊನೇದು. ಫೋಟೋದಲ್ಲಿ ನಮ್ಮ ಬೀದಿಯ ರಾಜ್ಯೋತ್ಸವ ಸ್ಟೇಜ್, ಹೋದ ನವೆಂಬರ್. ಈ ಸಲ ಸ್ಪೀಕರ್ ಮುಂದೆ ಅಲ್ಲ, ಹಿಂದೆ ನಾನಿದೀನಿ.

ಅದೇ "ಗೀತಾ" ಹಾಡು ನುಡಿಸಿದ್ವಿ. ಎರಡನೇ ಚರಣದಲ್ಲಿ ಸಿಂಗರ್ ಉಸಿರು ತಗೊಂಡ ಜಾಗದಲ್ಲಿ ನಾನು ಸುಮ್ಮನಿದ್ದೆ. ಅವಳು ನನ್ನ ಕಡೆ ತಿರುಗಿ ನೋಡಿದ್ಲು, ಅಷ್ಟೇ. ಅಮ್ಮ, ಪಕ್ಕದ ಮನೆ ಆಂಟಿ ಇಬ್ಬರೂ ಕುರ್ಚಿ ಹಾಕ್ಕೊಂಡು ಕೂತಿದ್ರು. ದೊಡ್ಡಪ್ಪನೂ ಬಂದಿದ್ರು. ಮುಗಿದ್ಮೇಲೆ "ಇವತ್ತು ಹಾಡು ಶುರುವಾಯ್ತಪ್ಪ" ಅಂದ್ರು.

ಯಾರೋ ವಿಡಿಯೋ ಹಾಕಿದ್ರು. ರಾತ್ರಿ ಹಳೇ ಡ್ರಮ್ಮರ್‌ನಿಂದ ಒಂದು ಮೆಸೇಜ್, ಬರೀ ಸಂಖ್ಯೆ: "105." ಕೂತು ಬೀಟ್ ಎಣಿಸಿದಾನೆ! ಒಂದು ಜಾಸ್ತಿ ಆಯ್ತು ಅಂತ ಬರೆದೆ. "ಪರವಾಗಿಲ್ಲ, ಮನುಷ್ಯರು ಅಷ್ಟು ಹೋಗಬಹುದು" ಅಂತ ಬಂತು.

ಪೋಸ್ಟ್ ಬರೀತೀನಿ ಅಂದವನು ಇಷ್ಟು ತಿಂಗಳು ಮುಂದೂಡಿದೆ. ಬೇಗ ಹೋಗಬಾರದ ಜಾಗದಲ್ಲಿ ಓಡ್ತೀನಿ, ಬೇಗ ಹೋಗಬೇಕಾದ ಜಾಗದಲ್ಲಿ ತಡ ಮಾಡ್ತೀನಿ. ಹಾಕೋಕೆ ಮುಂಚೆ ಅವನಿಗೆ ಇದನ್ನ ಓದೋಕೆ ಕೊಟ್ಟೆ. ಹೆಸರು ಬೇಡ ಅಂದ. ಒಂದು ಮಾತು ಸೇರಿಸು ಅಂದ, ಅವನ ಮಾತಲ್ಲೇ ಹಾಕ್ತಿದೀನಿ: "ನೀನು ಎಳೆದಾಗ ನಾನು ಹಿಂದೆ ಓಡಿದ್ದೂ ತಪ್ಪೇ. ಡ್ರಮ್ಮರ್ ಓಡಬಾರದು. ಅದನ್ನೂ ಬರಿ." ಬರೆದಿದೀನಿ. ಆದ್ರೂ ನನ್ನ ಪಾಲು ನಂದೇ.

ಬೇಸ್ ಶುರು ಮಾಡಬೇಕು ಅಂತ ಇರೋರಿಗೆ ಮೂರು ಮಾತು. ಮೊದಲನೇದು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಕತ್ತು ಸೊಟ್ಟಗಿದೆಯಾ ಅಂತ ಕಣ್ಣಿಗೆ ನೇರ ಹಿಡಿದು ನೋಡಿ. ಡ್ರಮ್ಮರ್ ಹತ್ರ ನಿಂತ್ಕೊಳ್ಳಿ, ಅವನ ಬಲಗಾಲು ಕಾಣಬೇಕು. ನಿಮ್ಮ ಬ್ಯಾಂಡ್ ರೆಕಾರ್ಡ್ ಮಾಡಿದ್ರೆ ಫೋನಿನ ಸ್ಪೀಕರ್‌ನಲ್ಲಿ ಕೇಳಿ ಯಾರ ತಪ್ಪು ಅಂತ ತೀರ್ಮಾನ ಮಾಡಬೇಡಿ.

ನಮ್ಮ ಬ್ಯಾಚಿನವರಿಗೆ ಒಂದೇ ಕೋರಿಕೆ. ನಾಳೆ ಕಾರಿಡಾರ್‌ನಲ್ಲಿ ಅವನು ಸಿಕ್ಕಿದ್ರೆ ಹೆಸರು ಹಿಡಿದು ಕರೀರಿ. ಟ್ರೈನ್ ಅಂತ ಕರೆಯಲೇಬೇಕು ಅನ್ಸಿದ್ರೆ ನನ್ನನ್ನ ಕರೀರಿ, ತಿರುಗಿ ನೋಡ್ತೀನಿ.

#ಬೇಸ್‌ಗಿಟಾರ್ #ಕೆಆರ್‌ಪುರ #ಇಂದಿರಾನಗರ #ಹಲಸೂರು #ಶಿವಾಜಿನಗರ #ನಮ್ಮಬ್ಯಾಂಡ್ #ಹೆಡ್‌ಫೋನ್‌ಹಾಕಿಕೇಳಿ